ಕಹಿ ಅನ್ನಬಾರದು

ಕಹಿ ಅನ್ನಬಾರದು. ಅಣುಸ್ಥಾವರದ ಗುತ್ತಿಗೆ ಹೆಂಗಸರಿಗೆ ಸಿಕ್ಕ ತರಬೇತಿ ಇಷ್ಟೇ. ಉಳಿದದ್ದೆಲ್ಲ ಬೊಗಳೆ.

ಅದನ್ನು ಕಲಿಸುವವನು ಮೇಸ್ತ್ರಿ. ವರ್ಷಕ್ಕೊಮ್ಮೆ ಸ್ಥಾವರವನ್ನು ದುರಸ್ತಿಗೆಂದು ನಿಲ್ಲಿಸುತ್ತಾರೆ. ಆಗ ಒಳಗಿನ ನೆಲ, ಪೈಪು, ಪಂಪುಗಳ ಮೇಲೆ ಕೂತ ವಿಷದ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಯಂತ್ರಕ್ಕೆ ಆಗದ ಕೆಲಸ. ಮೊಣಕಾಲೂರಿ, ಪೈಪಿನ ಸಂದಿಗೆ ಕೈ ತೂರಿಸಿ ಉಜ್ಜಬೇಕು. ಬಟ್ಟೆ ಮಡಚಿ ಮತ್ತೆ ಉಜ್ಜಬೇಕು. ಬೆವರು ಕಣ್ಣಿಗೆ ಇಳಿದರೂ ಒರೆಸಿಕೊಳ್ಳುವಂತಿಲ್ಲ, ತುರಿಕೆ ಬಂದರೂ ಕೆರೆಯುವಂತಿಲ್ಲ. ಇದಕ್ಕೆ ಹೆಂಗಸರೇ ಸರಿ ಎಂದು ಮೇಸ್ತ್ರಿ ಹೇಳುತ್ತಿದ್ದ. ಅವರ ಕೈ ಸಣ್ಣ, ಬಾಯಿಯೂ ಸಣ್ಣ.

ಒಳಗೆ ಹೋಗುವ ಮುಂಚೆ ಮಾಸ್ಕಿನ ಪರೀಕ್ಷೆ ಇರುತ್ತದೆ. ಮುಖಕ್ಕೆ ರಬ್ಬರಿನ ಮಾಸ್ಕು ಕಟ್ಟಿ, ತಲೆಯ ಮೇಲೆ ಪ್ಲಾಸ್ಟಿಕ್ಕಿನ ಮುಸುಕು ಹೊದಿಸಿ, ಮುಸುಕಿನ ತೂತಿನಿಂದ ಕಹಿ ನೀರನ್ನು ಮಂಜಿನ ಹಾಗೆ ಸಿಂಪಡಿಸುತ್ತಾರೆ. ಮಾಸ್ಕು ಸರಿಯಾಗಿ ಕೂತಿದ್ದರೆ ನಾಲಿಗೆಗೆ ಏನೂ ತಾಕುವುದಿಲ್ಲ. ತಾಕಿದರೆ ಎಲ್ಲೋ ಸಂದಿ ಇದೆ ಎಂದರ್ಥ. ಇವತ್ತು ಕಹಿ ನುಗ್ಗಿದ ಸಂದಿಯಲ್ಲೇ ನಾಳೆ ವಿಷವೂ ನುಗ್ಗುತ್ತದೆ. ಹಾಗಾಗಿ ಕಹಿ ಎಂದವರನ್ನು ಒಳಗೆ ಬಿಡುವಂತಿಲ್ಲ. ನಿಯಮವೇನೋ ಚಿನ್ನದಂಥದು.

ಮೇಸ್ತ್ರಿ ಆ ಚಿನ್ನಕ್ಕೂ ತುಕ್ಕು ಹಿಡಿಸಿದ್ದ.

"ನೋಡ್ರಮ್ಮಾ, ರುಚಿ ಏನಾದ್ರೂ ಗೊತ್ತಾಗ್ತಿದೆಯಾ ಅಂತ ಕೇಳ್ತಾರೆ. ಇಲ್ಲ ಅನ್ನಿ. ಕಹಿ ಅಂದವರು ಹಾಗೇ ಮನೆಗೆ ಹೋಗಿ ಒಲೆ ಮುಂದೆ ಕೂತ್ಕೊಳ್ಳಿ. ನನಗೇನು, ಗೇಟಿನ ಹೊರಗೆ ಜನ ಸಾಲುಗಟ್ಟಿ ನಿಂತಿದ್ದಾರೆ."

ಎಲ್ಲರೂ ಇಲ್ಲ ಎನ್ನುತ್ತಿದ್ದರು. ಕಡ್ಡಿಯೂ ಇಲ್ಲ ಎನ್ನುತ್ತಿದ್ದಳು.

ಅವಳ ಮೈಕಟ್ಟು ನೋಡಿ ಜೊತೆಯವರು ಇಟ್ಟ ಹೆಸರು ಅದು. ಕೆನ್ನೆ ಒಳಗೆ ಹೋಗಿ, ಗದ್ದ ಚೂಪಾಗಿ, ಮುಖ ಒಂದು ಮುಷ್ಟಿಯಷ್ಟಿತ್ತು. ಮಾಸ್ಕುಗಳೋ ಅಗಲ ದವಡೆಯ ಗಂಡಸರಿಗಾಗಿ ಮಾಡಿದವು. ಪಟ್ಟಿಯನ್ನು ತಲೆ ಸಿಡಿಯುವಷ್ಟು ಬಿಗಿದರೂ ಅವಳ ಗದ್ದದ ಕೆಳಗೆ ಬೆರಳು ತೂರುವಷ್ಟು ಸಂದಿ ಉಳಿಯುತ್ತಿತ್ತು. ಮಾಸ್ಕುಗಳು ಗೋಣಿಚೀಲದಲ್ಲಿ ಬರುತ್ತಿದ್ದವು. ನಿನ್ನೆ ಹಾಕಿಕೊಂಡವರ ಎಂಜಲಿನ ನಾತ, ಯಾರದೋ ಕೂದಲು, ಒಣಗಿದ ಸಿಂಬಳ. ಎಲ್ಲವನ್ನೂ ಒಂದೇ ತೊಟ್ಟಿಯ ನೀರಿನಲ್ಲಿ ಅದ್ದಿ ತೆಗೆದರೆ ತೊಳೆದಂತೆ. ಅದನ್ನೇ ಮೂತಿಗೆ ಕಟ್ಟಿಕೊಳ್ಳಬೇಕು.

ಅವಳ ಜೊತೆಗಾತಿ ಗುಂಡಕ್ಕನ ಮುಖ ಮಾತ್ರ ಮೊರದಗಲ. ಮಾಸ್ಕು ಅವಳಿಗೆ ಅಳತೆ ತೆಗೆದು ಹೊಲಿದಂತೆ ಕೂರುತ್ತಿತ್ತು. "ನಮ್ಮಪ್ಪ ಅಮ್ಮ ಆಸ್ತಿ ಅಂತ ಕೊಟ್ಟಿದ್ದು ಈ ಮುಖ ಒಂದೇ ಕಣೇ," ಎನ್ನುತ್ತಿದ್ದಳು. "ಅದೇನು ಕಹಿ ಕಹಿ ಅಂತೀರೋ, ನನಗಂತೂ ಇವತ್ತಿನವರೆಗೂ ನಾಲಿಗೆಗೆ ತಾಕಿಲ್ಲ."

ಹಿಂದಿನ ವರ್ಷ ಕಡ್ಡಿ ಒಳಗಿಂದ ಬಂದು, ಮೈಗೆ ವಿಷ ಅಂಟಿದೆಯೇ ಎಂದು ನೋಡುವ ಬಾಗಿಲ ಯಂತ್ರದ ಮುಂದೆ ನಿಂತಾಗ ಅದು ಅರಚಿಕೊಂಡಿತ್ತು. ಬಟ್ಟೆ ಕಳಚಿಸಿದರು. ಮತ್ತೆ ಅರಚಿತು. ಮೈ ತಿಕ್ಕಿ ತೊಳೆಸಿದರು. ಮತ್ತೆ ಅರಚಿತು. ಕಾಗದ ಕೊಟ್ಟು ಮೂಗು ಸೀಟು ಎಂದರು. ಸೀಟಿದ ಕಾಗದವನ್ನು ಚಿಮಟದಲ್ಲಿ ಹಿಡಿದು ಇನ್ನೊಂದು ಯಂತ್ರಕ್ಕೆ ತೋರಿಸಿದರು. ಅದು ಕಟಕಟ ಎಂದಿತು. "ಇನ್ನೊಮ್ಮೆ ಸೀಟು." ಕಟಕಟ. "ಇನ್ನೊಮ್ಮೆ." ರಕ್ತ ಬರುವ ತನಕ ಸೀಟಿದಳು. ಚಳಿಯಲ್ಲಿ, ತೆಳು ಟವೆಲ್ ಸುತ್ತಿಕೊಂಡು, ಮೂಗು ಸೀಟುತ್ತಾ ನಿಂತವಳನ್ನು ಬಂದವರೆಲ್ಲ ನೋಡಿಕೊಂಡು ಹೋದರು. ತಪ್ಪು ಯಾರದು ಎಂಬ ಮಾತು ಬಂದಾಗ ತರಬೇತಿ ಕೇಂದ್ರದ ಮುಖ್ಯಸ್ಥ ಒಂದೇ ವಾಕ್ಯದಲ್ಲಿ ಮುಗಿಸಿದ್ದ: ಇವರಿಗೆ ಎಷ್ಟು ಹೇಳಿದರೂ ಅಷ್ಟೇ, ಒಳಗೆ ಮುಖ ಮುಟ್ಟಿಕೊಳ್ಳುತ್ತಾರೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ.

ಆ ತರಬೇತಿ ಕೇಂದ್ರವನ್ನು ನೋಡಬೇಕು. ಗಾಜಿನ ಗೋಡೆ, ತಣ್ಣನೆಯ ಗಾಳಿ. ಒಳಗೆ ಸ್ಥಾವರದ ಕೋಣೆಯಂಥದೇ ಒಂದು ಸುಳ್ಳು ಕೋಣೆ. ಅದೇ ಪಂಪು, ಅದೇ ಪೈಪು, ಬಣ್ಣ ಕೂಡ ಅದೇ. ವಿಷ ಮಾತ್ರ ಇಲ್ಲ. ಕಾಯಂ ನೌಕರರು ಅಲ್ಲಿ ತಿಂಗಳುಗಟ್ಟಲೆ ಕಲಿಯುತ್ತಾರೆ. ಹೇಗೆ ನಡೆಯಬೇಕು, ಹೇಗೆ ಬಟ್ಟೆ ಕಳಚಬೇಕು, ಹೇಗೆ ಉಸಿರಾಡಬೇಕು. ಕಲಿತ ಮೇಲೆ ಅವರು ಗಾಜಿನ ಹಿಂದೆ ಕೂತು ಪರದೆ ನೋಡುತ್ತಾರೆ. ನಿಜದ ಕೋಣೆಗೆ ಹೋಗುವವರು ಕಡ್ಡಿ, ಗುಂಡಕ್ಕ ಮತ್ತು ಅವರಂಥವರು. ಅವರಿಗೆ ಒಂದು ಬೆಳಿಗ್ಗೆ ಸಿನಿಮಾ ತೋರಿಸುತ್ತಾರೆ. ಅವರಿಗೆ ಬಾರದ ಭಾಷೆಯಲ್ಲಿ. ಆ ಸುಳ್ಳು ಕೋಣೆಯನ್ನು ದಿನಾ ಒರೆಸುವವರೂ ಅವರೇ. ಅಲ್ಲಿ ಒರೆಸುವುದಕ್ಕೆ ಏನೂ ಇರುವುದಿಲ್ಲ. ಆದರೂ ಒರೆಸಬೇಕು, ನೋಡಲು ಬರುವವರಿದ್ದಾರೆ.

ಈ ವರ್ಷ ಕಡ್ಡಿಯ ಮಗಳೂ ಕೆಲಸಕ್ಕೆ ಸೇರಿದಳು. ಬೇಡ ಎಂದು ಕಡ್ಡಿ ಹೇಳಲಿಲ್ಲವೆಂದಲ್ಲ. ಹುಡುಗಿ ಕೇಳಲಿಲ್ಲ. "ಊರಲ್ಲಿ ಬೇರೆ ಏನಿದೆ ಹೇಳಮ್ಮ? ಆ ಸ್ಥಾವರ ಬಂದ ಮೇಲೆ ಬಟ್ಟೆ ಗಿರಣಿ ಮುಚ್ತು, ಮೀನಿನ ಕೆಲಸ ನಿಂತ್ಹೋಯ್ತು. ನೀನು ಹೋಗ್ತೀಯ, ನಾನು ಯಾಕೆ ಹೋಗ್ಬಾರ್ದು?" ಅವಳ ಮುಖ ತಾಯಿಯದೇ ಪಡಿಯಚ್ಚು. ಅದೇ ಚೂಪು ಗದ್ದ. ಮುಖ ನೋಡಿದಾಗೆಲ್ಲ ಕಡ್ಡಿಗೆ ಗದ್ದದ ಕೆಳಗಿನ ಸಂದಿಯೇ ಕಾಣುತ್ತಿತ್ತು.

ಬೇಡ ಎಂದರೆ ಕೇಳದ ಮೇಲೆ ಕೆಲಸ ಉಳಿಸಿಕೊಳ್ಳುವುದನ್ನಾದರೂ ಕಲಿಸಬೇಕಲ್ಲ. ಪರೀಕ್ಷೆಯ ಹಿಂದಿನ ಸಂಜೆ ಕಡ್ಡಿ ಜ್ವರದ ಮಾತ್ರೆಯೊಂದನ್ನು ಲಟ್ಟಣಿಗೆಯಿಂದ ಪುಡಿ ಮಾಡಿದಳು. ನೀರಿಗೆ ಕದಡಿದಳು. ಮಗಳನ್ನು ಅಡುಗೆಮನೆಯ ನೆಲದ ಮೇಲೆ ಎದುರಿಗೆ ಕೂರಿಸಿಕೊಂಡಳು.

"ನಾಲಿಗೆ ಚಾಚು."

ಚಮಚದಿಂದ ಬಿಟ್ಟಳು. ಹುಡುಗಿ ಮುಖ ಕಿವುಚಿ ಉಗಿದಳು.

"ಉಗೀಬಾರ್ದು. ರುಚಿ ಇದೆಯಾ?"

"ಥೂ, ಇದೇನಮ್ಮ ಇದು, ವಿಷ."

"ಇಲ್ಲ ಅನ್ಬೇಕು. ಮತ್ತೆ ಚಾಚು."

ಎರಡನೆಯ ಸಲ ಹುಡುಗಿಯ ಕಣ್ಣಲ್ಲಿ ನೀರು ಬಂತು. ಮತ್ತೊಂದು ಸಲಕ್ಕೆ ವಾಂತಿಯೇ ಆಯಿತು. ಕಡ್ಡಿ ನೆಲ ಒರೆಸಿದಳು. ಒರೆಸಿ ಬಂದು ಮತ್ತೆ ಚಮಚ ಹಿಡಿದಳು. ಕೊನೆಗೊಮ್ಮೆ ಮಗಳು ನುಂಗಿ, ಹುಬ್ಬು ಕೂಡ ಅಲುಗಿಸದೆ, "ಇಲ್ಲ ಸರ್" ಎಂದಳು. ಗಂಟಲ ಗೆರೆ ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು, ಅಷ್ಟೇ.

"ಭೇಷ್," ಎಂದಳು ಕಡ್ಡಿ.

ಆಮೇಲೆ ಪಾತ್ರೆ ತೊಳೆಯುವಾಗ ತನ್ನ ಕೈ ನೋಡಿಕೊಂಡಳು. ಅವಳಿಗೆ ಅಸಹ್ಯವಾಯಿತು. ಮೇಸ್ತ್ರಿಯಾದರೂ ಬಾಯಿಮಾತಲ್ಲಿ ಕಲಿಸಿದ್ದ. ತಾನು ಚಮಚದಲ್ಲಿ ಕಲಿಸಿದ್ದಳು, ಹೆತ್ತ ಮಗಳಿಗೆ.

ಮಾರನೆಯ ದಿನ ಪರೀಕ್ಷೆ ನಡೆದದ್ದು ಎಂದಿನ ಹಿತ್ತಲ ಶೆಡ್ಡಿನಲ್ಲಲ್ಲ, ತರಬೇತಿ ಕೇಂದ್ರದ ದೊಡ್ಡ ಹಾಲಿನಲ್ಲಿ. ದೇಶದ ಅಣು ಕೆಲಸಗಾರರಿಗೆಲ್ಲ ಒಳ್ಳೆಯ ತರಬೇತಿ ಕೊಡುವುದು ಹೇಗೆಂದು ಮಾದರಿ ಹುಡುಕುತ್ತಾ ದೊಡ್ಡವರ ತಂಡವೊಂದು ಬಂದಿತ್ತು. ಗುತ್ತಿಗೆಯವರಿಗೂ ಇಲ್ಲಿ ಸಮಾನ ತರಬೇತಿ ಇದೆ ಎಂದು ಮುಖ್ಯಸ್ಥ ತೋರಿಸಬೇಕಿತ್ತು. ಹೆಂಗಸರಿಗೆಲ್ಲ ಹೊಸ ನೀಲಿ ಕೋಟು ಕೊಟ್ಟಿದ್ದರು. ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಸಂಜೆ ವಾಪಸು ಕೊಡಬೇಕು, ಕಲೆ ಮಾಡಬೇಡಿ ಎಂದು ಮೇಸ್ತ್ರಿ ಎಚ್ಚರಿಸಿದ್ದ.

ತಂಡದಲ್ಲಿ ಒಬ್ಬಳು ಮೇಡಂ ಇದ್ದಳು. ಸಣ್ಣ ಮುಖದವಳು. ಫೋಟೋಕ್ಕೆಂದು ಮೊದಲು ಅವಳನ್ನೇ ಕುರ್ಚಿಯಲ್ಲಿ ಕೂರಿಸಿ ಮಾಸ್ಕು ಕಟ್ಟಿದರು. ಹೊಸ ಮಾಸ್ಕು. ಕಟ್ಟುವ ಮುಂಚೆ ಘಮಘಮ ಕಾಗದದಿಂದ ಒರೆಸಿದರು. ಮುಸುಕು ಹೊದಿಸಿ, ಪರೀಕ್ಷೆ ಮಾಡುವ ಹುಡುಗ ಸಿಂಪಡಿಸುವ ರಬ್ಬರಿನ ಬುರುಡೆಯನ್ನು ಒಮ್ಮೆ ಒತ್ತಿದ.

"ಅಯ್ಯೋ, ಕಹಿ," ಎಂದು ಮೇಡಂ ನಕ್ಕಳು.

ಸಾಲಿನಲ್ಲಿ ನಿಂತ ಹೆಂಗಸರು ಮೇಸ್ತ್ರಿಯ ಕಡೆ ನೋಡಿದರು. ಕಹಿ ಅಂದುಬಿಟ್ಟಳಲ್ಲ. ಈಗೇನಾಗುತ್ತದೋ.

ಆದದ್ದು ಇಷ್ಟು. ಮುಖ್ಯಸ್ಥ ಕ್ಷಮೆ ಕೇಳಿದ. ಹುಡುಗ ಓಡಿದ. ಗೋಡೆಯ ಕಪಾಟು ತೆರೆದ. ಒಳಗೆ ಮೂರು ಅಳತೆಯ ಮಾಸ್ಕುಗಳ ಡಬ್ಬಗಳು ಮೂರು ಸಾಲಿನಲ್ಲಿದ್ದವು. ಸಣ್ಣದೊಂದನ್ನು ತಂದು ಮೇಡಂಗೆ ಕಟ್ಟಿದ. ಬುರುಡೆ ಒತ್ತಿದ.

"ಈಗ ಏನೂ ಇಲ್ಲ. ಪರ್ಫೆಕ್ಟ್."

"ಎಲ್ಲರ ಮುಖ ಒಂದೇ ಥರ ಇರಲ್ಲ ಅಲ್ವಾ ಮೇಡಂ," ಎಂದ ಮುಖ್ಯಸ್ಥ. "ಅದಕ್ಕೇ ಎಲ್ಲ ಅಳತೆಯದೂ ಇಟ್ಟಿದ್ದೀವಿ."

ಕಡ್ಡಿ ಕಪಾಟನ್ನೇ ನೋಡುತ್ತಿದ್ದಳು. ಅದರ ಗಾಜನ್ನು ಅವಳೇ ಎಷ್ಟೋ ಸಲ ಒರೆಸಿದ್ದಳು. ಒಳಗಿನ ಡಬ್ಬಗಳಲ್ಲಿ ಏನಿದೆ ಎಂದು ಅವಳು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಚಳಿಯಲ್ಲಿ ನಿಂತು ಮೂಗಿನಲ್ಲಿ ರಕ್ತ ಬರುವಂತೆ ಸೀಟುತ್ತಿದ್ದಾಗಲೂ ಆ ಸಣ್ಣ ಮಾಸ್ಕುಗಳು ಇಲ್ಲೇ ಬೆಚ್ಚಗೆ ಕೂತಿದ್ದವು. ಅತಿಥಿಗಳಿಗೆ. ಫೋಟೋಕ್ಕೆ.

ಆಮೇಲೆ ಹೆಂಗಸರ ಸರದಿ. ಗೋಣಿಚೀಲ ಬಂತು. ಮಗಳು ಚಿಕ್ಕವಳು, ನೋಡಲು ಚೆಂದ ಎಂದು ಮೇಸ್ತ್ರಿ ಅವಳನ್ನೇ ಮೊದಲು ದಬ್ಬಿದ. ಹುಡುಗ ಚೀಲದಿಂದ ತೆಗೆದ ದೊಡ್ಡ ಮಾಸ್ಕನ್ನೇ ಕಟ್ಟಿದ. ಮುಸುಕು ಹೊದಿಸಿದ. ಬುರುಡೆ ಒತ್ತಿದ. ಇನ್ನೊಮ್ಮೆ ಒತ್ತಿದ.

"ರುಚಿ ಏನಾದ್ರೂ ಗೊತ್ತಾಗ್ತಿದೆಯಾ?"

ಹುಡುಗಿಯ ಗಂಟಲು ಮೇಲೆ ಹೋಗಿ ಕೆಳಗೆ ಬಂತು.

"ಇಲ್ಲ ಸರ್."

"ಪಾಸ್."

ಬಂದವರು ಚಪ್ಪಾಳೆ ತಟ್ಟಿದರು. ಎಷ್ಟು ಧೈರ್ಯದ ಹುಡುಗಿ ಎಂದಳು ಮೇಡಂ. ಆ ಚಪ್ಪಾಳೆಯನ್ನು ಕಡ್ಡಿಗೆ ತಡೆಯಲಾಗಲಿಲ್ಲ.

"ಅವಳು ಸುಳ್ಳು ಹೇಳ್ತಿದ್ದಾಳೆ," ಎಂದಳು.

ಚಪ್ಪಾಳೆ ನಿಂತಿತು.

"ಕಹಿ ಇದೆ. ನಿನ್ನೆ ನಾನೇ ಕೂರಿಸಿಕೊಂಡು ಇಲ್ಲ ಅನ್ನೋದು ಕಲಿಸಿದೀನಿ. ನನಗೆ ಇವನು ಕಲಿಸಿದ." ಮೇಸ್ತ್ರಿಯ ಕಡೆ ಕೈ ತೋರಿಸಿದಳು. "ನನಗೂ ಪ್ರತಿ ವರ್ಷ ಕಹಿ ಇತ್ತು. ಇಲ್ಲ ಅಂದೆ, ಒಳಗೆ ಹೋದೆ. ವಿಷ ಮೂಗಿಗೆ ಹೋಯ್ತು. ಸಣ್ಣದು ಕಪಾಟಲ್ಲಿದೆಯಲ್ಲ, ನಮಗ್ಯಾಕೆ ಕೊಡಲ್ಲ?"

ಮೇಸ್ತ್ರಿಯ ಮುಖ ಬಿಳುಚಿಕೊಂಡಿತು. ಮುಖ್ಯಸ್ಥನದು ಹಾಗಾಗಲಿಲ್ಲ. ಅವನು ನಗುತ್ತಲೇ ಇದ್ದ.

"ಪಾಪ, ಹೆದರಿಕೊಂಡಿದ್ದಾರೆ ಮೇಡಂ. ಮಗಳ ಮೇಲಿನ ಪ್ರೀತಿ."

ಮೇಡಂ ಹುಡುಗಿಯ ಕಡೆ ಬಗ್ಗಿದಳು. "ನೀನೇ ಹೇಳಮ್ಮ. ಕಹಿ ಇತ್ತಾ?"

ಹುಡುಗಿ ತಾಯಿಯನ್ನು ನೋಡಿದಳು, ಮೇಸ್ತ್ರಿಯನ್ನು ನೋಡಿದಳು. "ಇಲ್ಲ ಮೇಡಂ. ನಮ್ಮಮ್ಮ ಸುಮ್ನೆ ಹೇಳ್ತಿದ್ದಾಳೆ."

ಮೇಡಂ ನೆಟ್ಟಗೆ ನಿಂತಳು. ಅವಳ ಮುಖದಲ್ಲಿ ನಿರಾಳ ಕಾಣಿಸಿತು. ಇಲ್ಲ ಎಂಬ ಮಾತಿಗೇ ಅವಳೂ ಕಾಯುತ್ತಿದ್ದಳು. ಟೀ ರೆಡಿ ಇದೆ ಎಂದು ಯಾರೋ ಹೇಳಿದರು. ತಂಡ ಹೊರಟುಹೋಯಿತು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

"ಕೆಲಸ ಕಳೆದ್ಯಲ್ಲಮ್ಮ," ಎಂದಳು ಮಗಳು. "ಅಷ್ಟೊಂದು ಕಲಿಸಿ, ನೀನೇ ಹಾಳು ಮಾಡಿದೆ."

ಮೇಸ್ತ್ರಿ ಕೈ ಎತ್ತಿಕೊಂಡೇ ಬಂದ. ಮುಖ್ಯಸ್ಥ ತಡೆದ. ದೊಡ್ಡವರು ಇನ್ನೂ ಕಟ್ಟಡದಲ್ಲೇ ಇದ್ದರು, ಗಲಾಟೆ ಬೇಕಿರಲಿಲ್ಲ. ಮೇಡಂ ಬಿಚ್ಚಿಟ್ಟ ಸಣ್ಣ ಮಾಸ್ಕನ್ನು ಮೇಜಿನಿಂದ ಎತ್ತಿ ಕಡ್ಡಿಯ ಮುಂದೆ ಹಿಡಿದ.

"ತಗೋ. ನಿನ್ನ ಮಗಳಿಗೆ. ಸಮಾಧಾನ ಆಯ್ತಾ? ಬಾಯಿ ಮುಚ್ಕೊಂಡು ಎಲ್ಲರೂ ಒಳಗೆ ಹೋಗಿ. ಇವತ್ತು ಕೆಲಸ ಶುರುವಾಗ್ಲೇಬೇಕು."

"ಉಳಿದವರಿಗೆ?"

"ಉಳಿದವರು ಯಾರೂ ಕಹಿ ಅಂದಿಲ್ಲವಲ್ಲ."

ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಕಡ್ಡಿಗೆ ಅದು ಗೊತ್ತಾಗದೆ ಇರಲಿಲ್ಲ. ಸಾಲಿನಲ್ಲಿ ತನ್ನಂಥ ಸಣ್ಣ ಮುಖಗಳು ಎಷ್ಟಿವೆ ಎಂಬುದೂ ಗೊತ್ತಿತ್ತು. ಆದರೂ ಅವಳ ಕೈ ಮುಂದೆ ಹೋಯಿತು. ತಾಯಿಯ ಕೈ. ಮಾಸ್ಕನ್ನು ಇಸಿದುಕೊಂಡಳು. ಯಾರ ಮುಖವನ್ನೂ ನೋಡದೆ ಮಗಳ ಮುಖಕ್ಕೆ ಕಟ್ಟಿದಳು. ಗದ್ದದ ಕೆಳಗೆ ಬೆರಳಾಡಿಸಿದಳು. ಸಂದಿ ಇರಲಿಲ್ಲ. ಕೂದಲೂ ತೂರುವಂತಿರಲಿಲ್ಲ.

ಹುಡುಗ ಮುಸುಕು ಹೊದಿಸಿ ಬುರುಡೆ ಒತ್ತಿದ. ಮಗಳ ಕಣ್ಣು ಅಗಲವಾಯಿತು. ಏನೂ ತಾಕದೆ ಉಸಿರಾಡುವುದು ಹೇಗಿರುತ್ತದೆಂದು ಅವಳಿಗೆ ಈಗ ಗೊತ್ತಾಗಿತ್ತು.

"ಆಯ್ತಲ್ಲ," ಎಂದ ಮುಖ್ಯಸ್ಥ. ಕಡ್ಡಿಯ ಕಡೆ ತಿರುಗಿದ. "ನೀನು ಕೂತ್ಕೋ. ನಿನಗೆ ಹಳೇದೇ. ಮಗಳಿಗೆ ಸಿಕ್ತಲ್ಲ, ಇನ್ನು ತಕರಾರು ಬೇಡ."

ಮೇಸ್ತ್ರಿ ಗೋಣಿಚೀಲಕ್ಕೆ ಕೈ ಹಾಕಿ ದೊಡ್ಡ ಮಾಸ್ಕೊಂದನ್ನು, ಪಕ್ಕದ ಕುರ್ಚಿಯಲ್ಲಿ ಕೂತ ಕಡ್ಡಿಯ ಮಡಿಲಿಗೆ ಎಸೆದ. ಅದರ ಒಳಗೆ ಯಾರದೋ ಎಂಜಲು ಇನ್ನೂ ಹಸಿಯಾಗಿತ್ತು. ಮುಸುಕಿನ ಹಿಂದಿನಿಂದ ಮಗಳು ಅದನ್ನು ನೋಡಿದಳು.

"ಏನಮ್ಮ, ರುಚಿ ಇದೆಯಾ?" ಎಂದು ಹುಡುಗ ಅವಳನ್ನು ಕೇಳಿದ. ಕೇಳುವುದು ಲೆಕ್ಕಕ್ಕಷ್ಟೇ. ಅವನು ಆಗಲೇ ಮುಸುಕು ತೆಗೆಯಲು ಕೈ ಎತ್ತಿದ್ದ.

"ಇದೆ," ಎಂದಳು ಹುಡುಗಿ.

"ಏನು?"

"ಕಹಿ ಇದೆ ಸರ್."

"ಸುಳ್ಳು," ಎಂದ ಮುಖ್ಯಸ್ಥ. "ಈಗ ತಾನೇ ಮೇಡಂ ಇದನ್ನೇ ಹಾಕ್ಕೊಂಡಿದ್ದು. ಅವರಿಗೆ ಇರಲಿಲ್ಲ."

"ಅವರಿಗೆ ಇರಲಿಲ್ಲ ಸರ್. ನನಗಿದೆ."

ಹುಡುಗ ಮತ್ತೆ ಒತ್ತಿದ. ಮತ್ತೆ ಕೇಳಿದ. ಮತ್ತೆ ಕಹಿ ಎಂದಳು. ಅವಳ ಗಂಟಲು ಅಲುಗುತ್ತಿರಲಿಲ್ಲ. ಅವಳಿಗೆ ನುಂಗಲು ಏನೂ ಇರಲಿಲ್ಲ. ಅದು ತಾಯಿಗೆ ಮಾತ್ರ ಕಂಡಿತು. ನಾಲಿಗೆಯೊಳಗೆ ಇಣುಕಿ ನೋಡಲು ಯಾವ ಯಂತ್ರವೂ ಅವರ ಬಳಿ ಇರಲಿಲ್ಲ. ವರ್ಷಗಟ್ಟಲೆ ಇವರ 'ಇಲ್ಲ'ವನ್ನು ನಂಬಿದವರು ಇವತ್ತು 'ಇದೆ'ಯನ್ನೂ ನಂಬಲೇಬೇಕಿತ್ತು. ಕಹಿ ಎಂದವರನ್ನು ಒಳಗೆ ಬಿಡುವಂತಿಲ್ಲ.

ಕಡ್ಡಿ ಮಡಿಲಿನ ಮಾಸ್ಕನ್ನು ಎತ್ತಲಿಲ್ಲ. ಕೋಟು ಕೊಡವಿ ಎದ್ದಳು. ಮಾಸ್ಕು ನೆಲಕ್ಕೆ ಬಿತ್ತು. "ನನಗೂ ಕಹಿ ಇದೆ ಸರ್. ಸಿಂಪಡಿಸೋದೂ ಬೇಡ."

ಮುಖ್ಯಸ್ಥ ಗುಂಡಕ್ಕನನ್ನು ಕರೆದ. ಅವಳು ಹಳಬಳು, ಪ್ರತಿ ವರ್ಷ ಪಾಸಾದವಳು. ಕುರ್ಚಿ ಕಿರುಗುಟ್ಟುವಂತೆ ಕೂತಳು. ಮಾಸ್ಕು ಆ ಮೊರದಗಲದ ಮುಖಕ್ಕೆ ಗಚ್ಚಾಗಿ ಕೂತಿತು. ಹುಡುಗ ಬುರುಡೆಯನ್ನು ಖಾಲಿಯಾಗುವ ತನಕ ಒತ್ತಿದ.

"ಕಹಿ," ಎಂದಳು ಗುಂಡಕ್ಕ. "ಭಯಂಕರ ಕಹಿ ಸರ್. ಹಾಗಲಕಾಯಿ ಜಗಿದ ಹಾಗಿದೆ." ಮುಸುಕು ತೆಗೆದ ಮೇಲೆ ಕಡ್ಡಿಯ ಕಿವಿಯಲ್ಲಿ ಕೇಳಿದಳು: "ಹಾಗೇ ಇರುತ್ತೆ ತಾನೇ?"

ಎಲ್ಲರೂ ಹಾಗೆ ಮಾಡಿದರು ಎಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡನಿದ್ದವಳು ಇಲ್ಲ ಎಂದಳು. ಬಸುರಿ ಎಂಬುದನ್ನು ಮುಚ್ಚಿಟ್ಟುಕೊಂಡು ಬಂದವಳೂ ಇಲ್ಲ ಎಂದಳು. ಅವರಿಬ್ಬರೂ ತಲೆ ಬಗ್ಗಿಸಿಕೊಂಡು ಒಳಬಾಗಿಲ ಕಡೆ ಹೋದರು. ಅವರನ್ನು ಯಾರೂ ಬೈಯಲಿಲ್ಲ. ಉಳಿದವರು ಕಹಿ ಎಂದರು. ಅವರಲ್ಲಿ ನಿಜ ಹೇಳಿದವರು ಯಾರು, ಸುಳ್ಳು ಹೇಳಿದವರು ಯಾರು ಎಂದು ಕೇಳುವ ಮುಖ ಅಲ್ಲಿ ಯಾರಿಗೂ ಇರಲಿಲ್ಲ.

"ಕೋಟು ಬಿಚ್ಚಿಸ್ಕೊಂಡು ಆಚೆ ಹಾಕು," ಎಂದ ಮುಖ್ಯಸ್ಥ. ಅವನ ನಗು ಈಗ ಹೋಗಿತ್ತು. "ಮಧ್ಯಾಹ್ನದೊಳಗೆ ಹೊಸಬರನ್ನ ತಾ."

"ತರ್ತೀನಿ ಸರ್. ಹೊರಗೆ ಜನಕ್ಕೇನು ಬರ," ಎಂದ ಮೇಸ್ತ್ರಿ.

ಅವನು ಹೇಳಿದ್ದು ಸುಳ್ಳಲ್ಲ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಟೆಂಪೋ ಬಂತು. ಹಿಂದೆ ಹೆಂಗಸರು ಒತ್ತೊತ್ತಾಗಿ ನಿಂತಿದ್ದರು. ಮೇಸ್ತ್ರಿ ದಾರಿಯುದ್ದಕ್ಕೂ ಪಾಠ ಮಾಡಿಕೊಂಡೇ ಬಂದಿರಬೇಕು. ಅವನು ಗೇಟಿನ ಕಾವಲುಗಾರನ ಹತ್ತಿರ ಮಾತಾಡಲು ಇಳಿದ. ಕಡ್ಡಿ ಮತ್ತು ಮಗಳು ಗೇಟಿನ ಎದುರು ರಸ್ತೆಯಲ್ಲೇ ನಿಂತಿದ್ದರು. ಮನೆಗೆ ಹೋಗೋಣ ಎಂದು ಮಗಳು ಹೇಳಿರಲಿಲ್ಲ. ಗುಂಡಕ್ಕ ಮೋರಿಯ ಕಟ್ಟೆಯ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು.

ಟೆಂಪೋದಿಂದ ಮೊದಲು ಇಳಿದವಳು ಹದಿಹರೆಯದ ಹುಡುಗಿ. ಕಡ್ಡಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಸಣ್ಣ ಮುಖ.

"ಒಳಗೆ ನಿನ್ನ ಮೂತಿಗೆ ಮಾಸ್ಕು ಕಟ್ತಾರೆ ಮಗಳೇ," ಎಂದಳು. "ಒಂದು ನೀರು ಸಿಂಪಡಿಸ್ತಾರೆ. ನಾಲಿಗೆಗೆ ಕಹಿ ತಾಕಿದ್ರೆ ಆ ಮಾಸ್ಕಿಗೆ ಸಂದಿ ಇದೆ ಅಂತ. ವಿಷ ಆ ಸಂದಿಯಲ್ಲೇ ಬರುತ್ತೆ. ನಿನ್ನ ಅಳತೆಯದು ಅವರ ಕಪಾಟಲ್ಲಿದೆ. ಕಹಿ ಆದ್ರೆ ಕಹಿ ಅನ್ನು."

"ಇಲ್ಲ ಅನ್ಬೇಕು ಅಂತ ಮೇಸ್ತ್ರಿಯಣ್ಣ ಹೇಳಿದ್ರು."

"ಹೇಳಿರ್ತಾನೆ."

"ಕಹಿ ಅಂದ್ರೆ ಕೆಲಸ ಕೊಡಲ್ವಂತಲ್ಲ?"

ಕಡ್ಡಿ ಅವಳ ಮುಖದಿಂದ ಕೈ ತೆಗೆಯಲಿಲ್ಲ. ಈ ಸಲ ಕಲಿಸುವುದನ್ನು ಪೂರ್ತಿ ಕಲಿಸಬೇಕಿತ್ತು.

"ಕೊಡಲ್ಲ," ಎಂದಳು. "ನಮಗೂ ಕೊಡಲಿಲ್ಲ."

ಹುಡುಗಿ ಗೇಟಿನ ಕಡೆ ನೋಡಿದಳು. ಹಿಂದೆ ಇಳಿದವರು ಯಾಕೆ ನಿಂತಿರಿ ಎಂದು ಕೇಳುತ್ತಾ ಸುತ್ತ ಸೇರಿಕೊಂಡರು. ಮೇಸ್ತ್ರಿ ಬೈಯುತ್ತಾ ಓಡಿಬರುತ್ತಿದ್ದ. ಅವನು ತಲುಪುವಷ್ಟರಲ್ಲಿ ಕಡ್ಡಿಯ ಮಗಳು ಎರಡನೆಯದಾಗಿ ಇಳಿದವಳ ಮುಖವನ್ನು ಹಾಗೇ ಹಿಡಿದುಕೊಂಡಿದ್ದಳು.